ಎಮ್ಮೆಯ ಎಡಮಗ್ಗಲು

೧೯೬೧ರ ಆಗಸ್ಟ್ ತಿಂಗಳ ಒಂದು ಮಂಗಳವಾರ ಧಾರವಾಡದ ಹೊರವಲಯದಲ್ಲಿದ್ದ ಪಶುವೈದ್ಯ ತರಬೇತಿ ಶಾಲೆಯಲ್ಲಿ ಆ ವರ್ಷದ ಎಮ್ಮೆ ಕೆಟ್ಟಿತು.

ಶಾಲೆಗೆ ವರ್ಷಕ್ಕೆ ಒಂದೇ ಎಮ್ಮೆ ಮಂಜೂರಾಗುತ್ತಿತ್ತು. ಮುದಿಯಾಗಿ ಗೊಡ್ಡುಬಿದ್ದದ್ದನ್ನು ತಂದು, ಮತ್ತು ಬರಿಸಿ, ರಕ್ತ ಬಸಿದು, ಕತ್ತಿನ ರಕ್ತನಾಳದ ಮೂಲಕ ಮೈಯೆಲ್ಲ ಫಾರ್ಮಲಿನ್ ತುಂಬುತ್ತಿದ್ದರು. ರಕ್ತನಾಳಗಳು ಎದ್ದು ಕಾಣಲೆಂದು ಆಮೇಲೆ ಅದೇ ದಾರಿಯಿಂದ ಗಂಜಿಯಲ್ಲಿ ಕಲಸಿದ ಕೆಂಪು ಬಣ್ಣ ಬಿಡುತ್ತಿದ್ದರು. ಹೀಗೆ ಸಿದ್ಧಪಡಿಸಿದ ಹೆಣ ಕೊಳೆಯುವುದಿಲ್ಲ. ಮಾರ್ಚ್ ತಿಂಗಳ ಪರೀಕ್ಷೆಯವರೆಗೆ ಅದನ್ನೇ ಪದರ ಪದರವಾಗಿ ಬಿಡಿಸುತ್ತ ಹುಡುಗರಿಗೆ ಅಂಗರಚನೆ ಕಲಿಸಬೇಕು. ಮೊದಲ ಪದರ ಚರ್ಮ.

ಚರ್ಮವನ್ನೂ ಒಳಗಿನ ಪದರಗಳನ್ನೂ ಬಿಡಿಸುವ ಕೆಲಸವನ್ನು ಅಹಮದಸಾಬ ಎಂಬ ಅಟೆಂಡರ್ ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದ್ದರು. ಹುಡುಗರು ಬರುವ ಮೊದಲೇ ಅವರ ಕೆಲಸ ಮುಗಿದಿರುತ್ತಿತ್ತು. ಆ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಜಾಗ ಖಾಲಿ ಉಳಿಯಿತು.

ಪಾಠ ಹೇಳುವವರು ಯಜ್ಞೇಶ್ವರ ಮಾಸ್ತರರು. ಮುಂಬಯಿಯಲ್ಲಿ ಪದವಿ ಪಡೆದವರು, ಧಾರವಾಡದ ಹಳೆಯ ವೈದಿಕ ಮನೆತನದವರು. ಅವರ ಪದ್ಧತಿ ಹೀಗಿತ್ತು: ಮೇಜಿನಿಂದ ಒಂದು ಮಾರು ದೂರ ನಿಂತು, ತುದಿಗೆ ಬಿಳಿ ಬಣ್ಣ ಬಳಿದ ಬಿದಿರ ಕಡ್ಡಿಯಿಂದ ಒಂದೊಂದೇ ಸ್ನಾಯುವನ್ನು ತೋರಿಸುವುದು, ಅದರ ಹೆಸರು, ಹುಟ್ಟುವ ಜಾಗ, ಸೇರುವ ಜಾಗ ಹೇಳುವುದು. ಹುಡುಗರು ಒಟ್ಟಾಗಿ ಅದನ್ನು ಹೇಳಿ, ಆಮೇಲೆ ಚಿತ್ರ ಬರೆದುಕೊಳ್ಳಬೇಕು. ಪಾಠ ಸ್ಪಷ್ಟವಾಗಿರುತ್ತಿತ್ತು. ಅವರ ಹುಡುಗರು ಪರೀಕ್ಷೆಯಲ್ಲಿ ನಪಾಸಾದದ್ದು ಕಡಿಮೆ.

ಆ ಮಂಗಳವಾರ ಅವರು ಎಮ್ಮೆಯನ್ನು ಮಲಗಿಸಿದ್ದ ಪಾಠದ ಹಾಲಿಗೆ ಬಂದು, ಅಹಮದಸಾಬರು ಬಿಟ್ಟುಹೋದ ಅಗಲ ಚೂರಿಯನ್ನು ಮೇಜಿನ ಅಂಚಿಗಿಟ್ಟು, "ಯಮನಪ್ಪಾ, ಎಡಮಗ್ಗಲ ಚರ್ಮಾ ಬಿಡಿಸಿಡು. ನಾ ಬರೋದ್ರಾಗ ಮುಗಿಸು," ಎಂದು ಹೇಳಿ ಪ್ರಿನ್ಸಿಪಾಲರ ಕೋಣೆಗೆ ಹೋದರು.

ಯಮನಪ್ಪನೇ ಯಾಕೆ ಎಂದು ಯಾರೂ ಕೇಳಲಿಲ್ಲ. ಅವನು ಹುಬ್ಬಳ್ಳಿ ತಾಲೂಕಿನ ಶಿರಗುಪ್ಪಿಯವನು. ಸತ್ತ ದನ ಎಳೆದು ಚರ್ಮ ಸುಲಿಯುವ ಕೆಲಸವನ್ನು ಊರು ಯಾವ ಕೇರಿಗೆ ಕಟ್ಟಿತ್ತೋ ಆ ಕೇರಿಯ ಹುಡುಗ. ಅದು ತರಗತಿಗೆಲ್ಲ ಗೊತ್ತಿತ್ತು. ಉಳಿದವರು ಗೋಡೆಗೆ ಒರಗಿ ನಿಂತರು.

ಮಾಸ್ತರರು ತಾಸಿನ ಮೇಲೆ ಮರಳಿ ಬಂದಾಗ ಎಮ್ಮೆಯ ಕತ್ತು, ಹೆಗಲು, ಪಕ್ಕೆಯ ಅರ್ಧಭಾಗ ಬಯಲಾಗಿತ್ತು. ದನದ ಚರ್ಮದ ಕೆಳಗೆ ಹಾಳೆಯಂಥ ತೆಳು ಸ್ನಾಯು ಇರುತ್ತದೆ. ನೊಣ ಕೂತಾಗ ದನ ಚರ್ಮ ಅದುರಿಸುವುದು ಅದರಿಂದಲೇ. ಚರ್ಮ ತೆಗೆದ ಮೇಲೆ ಅದು ಇಡಿಯಾಗಿ ಉಳಿಯಬೇಕು. ಇಲ್ಲಿ ಅದು ಚರ್ಮದ ಜೊತೆಗೇ ಕಿತ್ತು ಬಂದಿತ್ತು. ಹೆಗಲಿನ ಮೇಲಿನ ಅಗಲ ಸ್ನಾಯುವಿಗೆ ಚೂರಿ ತೂರಿ ಮೂರು ಕಡೆ ಹರಿದಿತ್ತು. ಹೆಗಲ ಮುಂದಿನ ಸಣ್ಣ ರಕ್ತನಾಳಗಳು ತುಂಡಾಗಿ ಕೆಂಪು ಗಂಜಿ ಮೇಜಿನ ಮೇಲೆ ಉದುರಿತ್ತು. ಯಮನಪ್ಪ ಅಂಗಿಯ ತೋಳಿನಿಂದ ಹಣೆ ಒರೆಸಿಕೊಳ್ಳುತ್ತ ನಿಂತಿದ್ದ.

"ಏನಪಾ ಇದು?" ಎಂದರು ಮಾಸ್ತರರು.

"ಖಾನಾವಳಿ ತಗದಾನ್ರಿ ಸರ," ಎಂದ ಮುಗದದ ಶಿವಪುತ್ರ. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಬಾಯಿಬಿಡುವ ಹುಡುಗ ಅವನು, ಮನೆಯಲ್ಲಿ ನಾಲ್ಕೆತ್ತಿನ ಒಕ್ಕಲುತನ. "ಏ ಯಮನಪ್ಪಾ, ನಿಮ್ಮಪ್ಪ ಇದನ್ನ ನೋಡಿದ್ರ ನಿನಗ ರೊಟ್ಟಿ ಹಾಕ್ತಾನೇನೋ?"

ಹುಡುಗರು ನಕ್ಕರು. ಮಾಸ್ತರರು ನಗಲಿಲ್ಲ. ಆಗ ಶಿವಪುತ್ರನೂ ದನಿ ಬದಲಿಸಿದ.

"ಕೆಲಸಾ ಬರದ ಮಾಡಿದ್ದಲ್ರಿ ಇದು. ಬೇಕಂತ ಮಾಡ್ಯಾನ. ಇವರ ಕೇರ್ಯಾಗ ಸತ್ತ ದನಾ ಮುಟ್ಟಬಾರದಂತ ಠರಾವ್ ಆಗೇತಿ. ನೀವು ಚೂರಿ ಕೊಟ್ರಿ, ಇಂವ ಸಿಟ್ಟ ತೀರಿಸಿಕೊಂಡ."

ಠರಾವಿನ ಮಾತು ಸುಳ್ಳಾಗಿರಲಿಲ್ಲ. ಆ ಕೇರಿಯವರು ಬೌದ್ಧ ದೀಕ್ಷೆ ಪಡೆದ ಮೇಲೆ ಸತ್ತ ದನ ಎಳೆಯುವುದಿಲ್ಲ, ಸುಲಿಯುವುದಿಲ್ಲ ಎಂದು ಕೂಡಿ ನಿರ್ಧರಿಸಿದ್ದರು. ಮುಟ್ಟಿದವನು ಕೇರಿಯಿಂದ ಹೊರಗೆ. ಸಂಜೆಯೊಳಗೆ ಶಿವಪುತ್ರನ ಮಾತು ವಸತಿಗೃಹದ ಎಲ್ಲ ಕೋಣೆಗಳಿಗೂ, ಮರುದಿನ ಮುಂಜಾನೆ ಪ್ರಿನ್ಸಿಪಾಲ ಬಾಳಕೃಷ್ಣರಾಯರ ಮೇಜಿಗೂ ಮುಟ್ಟಿತು. ರಾಯರು ಒರಟು ಮನುಷ್ಯರಲ್ಲ, ಆದರೆ ಮೇಲಿನವರಿಗೆ ಉತ್ತರ ಕೊಡಬೇಕಾದವರು. ಸರಕಾರಿ ಸಾಮಗ್ರಿಯನ್ನು ಬೇಕೆಂದು ಕೆಡಿಸಿದ್ದು ಖರೇ ಆದರೆ ಶಾಲೆಯಿಂದ ಹುಡುಗನ ಹೆಸರು ಹೊಡೆದುಹಾಕುವುದೇ ಸರಿ ಎಂದರು. ಶನಿವಾರ ವಿಚಾರಣೆ ಇಟ್ಟರು. ತಂದೆಯನ್ನು ಕರೆಸಲು ಹೇಳಿದರು.

ಬುಧವಾರ ಪಾಠವಿರಲಿಲ್ಲ. ಯಮನಪ್ಪ ಹಾಲಿನ ಹಿಂದಿನ ಪಡಸಾಲೆಯಲ್ಲಿ ಮಾಸ್ತರರಿಗಾಗಿ ಕಾಯ್ದುಕೊಂಡಿದ್ದ.

"ಸರ, ನಮ್ಮಪ್ಪನ್ನ ಕರಸಬ್ಯಾಡ್ರಿ."

"ಅದು ನನ್ನ ಕೈಯಾಗಿಲ್ಲ. ನೀ ಬೇಕಂತ ಮಾಡಿದಿ ಏನು?"

"ಇಲ್ರಿ."

"ಮತ್ತ?"

"ನನಗ ಬರೂದಿಲ್ರಿ."

"ಏನು ಬರೂದಿಲ್ಲ?"

"ಚರ್ಮಾ ಸುಲಿಯಾಕ. ನಾ ಒಮ್ಮೆನೂ ಸತ್ತ ದನಾ ಮುಟ್ಟಿಲ್ರಿ. ಸಣ್ಣಾವಿದ್ದಾಗ ನಮ್ಮಪ್ಪ ಹತ್ರಾನ ಬರಗೊಡತಿದ್ದಿಲ್ಲ. ಆಮ್ಯಾಲೆ ನಾ ಹುಬ್ಬಳ್ಳಿ ಬೋರ್ಡಿಂಗಿನ್ಯಾಗ ಇದ್ದೆ."

ಮಾಸ್ತರರು ಅವನ ಮುಖ ನೋಡಿದರು. "ಮೊದಲ ಹೇಳಬೇಕಿತ್ತಲ್ಲೋ."

"ಹೇಳಿದ್ರ ನಂಬತಿದ್ರೇನ್ರಿ?" ಎಂದ ಯಮನಪ್ಪ. ಆಮೇಲೆ ಮುಂದುವರಿಸಿದ: "ಶಿವಪುತ್ರ ಬರೂದಿಲ್ಲ ಅಂದ್ರ ಅವಗ ಬರೂದಿಲ್ಲ. ನಾ ಬರೂದಿಲ್ಲ ಅಂದ್ರ ಸೊಕ್ಕು."

ಅವನ ಹೆದರಿಕೆ ಹೆಸರು ಹೊಡೆಯುವುದಕ್ಕಷ್ಟೇ ಇರಲಿಲ್ಲ. ಕೇರಿಯಲ್ಲಿ ಆ ಠರಾವನ್ನು ಮುಂದೆ ನಿಂತು ಮಾಡಿಸಿದವರು ಅವನ ತಂದೆ ಹುಚ್ಚಪ್ಪನವರೇ. ಅವರು ಈಗ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕಬ್ಬಿಣ ಹೊರುವ ಖಲಾಸಿ. ಮಗ ದನದ ಡಾಕ್ಟರಿಕೆ ಕಲಿಯುತ್ತಿದ್ದಾನೆ, ಸೂಜಿ ಹಾಕುವುದು, ಜ್ವರ ನೋಡುವುದು, ಔಷಧ ಕಲಸುವುದು ಎಂದು ಅವರು ತಿಳಿದಿದ್ದರು. ಅದನ್ನೇ ವರ್ಕ್‌ಶಾಪಿನ ಎಲ್ಲರಿಗೂ ಹೇಳಿದ್ದರು. "ನಾ ಚೂರಿ ಹಿಡದೇನಂತ ತಿಳದ್ರ ನೀವು ಹೆಸರ ಹೊಡಿಯೂದ ಬ್ಯಾಡ್ರಿ, ಅಪ್ಪನ ಬಂದು ನನ್ನ ಕರಕೊಂಡು ಹೊಕ್ಕಾನ. ನನಗ ಪಾಸಾಗಬೇಕ್ರಿ ಸರ."

"ಮತ್ತ ಯಾಕ ಹಿಡದಿ?"

"ನೀವು ಕರದಿರಲ್ರಿ," ಎಂದ ಯಮನಪ್ಪ.

ಮಾಸ್ತರರು ಆ ಸಂಜೆ ತಾವು ಪಾಠಕ್ಕೆ ಬಳಸುವ ದಪ್ಪ ಪುಸ್ತಕ ತೆಗೆದು ನೋಡಿದರು. ಪ್ರತಿಯೊಂದು ಅಧ್ಯಾಯವೂ 'ಚರ್ಮವನ್ನು ಬಿಡಿಸಿದ ನಂತರ' ಎಂದೇ ಆರಂಭವಾಗುತ್ತಿತ್ತು. ಬಿಡಿಸುವುದು ಹೇಗೆ ಎಂದು ಎಲ್ಲಿಯೂ ಇರಲಿಲ್ಲ. ಮುಂಬಯಿಯಲ್ಲಿ ಅವರು ಕಲಿಯುವಾಗಲೂ ಹೆಣ ಚರ್ಮ ತೆಗೆದೇ ಮೇಜಿಗೆ ಬರುತ್ತಿತ್ತು. ಅಹಮದಸಾಬರು ಹೇಗೆ ಮಾಡುತ್ತಿದ್ದರು ಎಂಬುದನ್ನು ಅವರು ಒಮ್ಮೆಯೂ ನಿಂತು ನೋಡಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವರು ಹಾಲಿನ ಬಾಗಿಲು ಮುಚ್ಚಿಕೊಂಡು, ಧೋತರ ಬಿಗಿದು, ಅದೇ ಅಗಲ ಚೂರಿ ಹಿಡಿದರು. ಎಡಮಗ್ಗಲ ಹಿಂಭಾಗದಲ್ಲಿ ಸೊಂಟದ ಬದಿಯ ಚಪ್ಪೆಯ ಚರ್ಮ ಇನ್ನೂ ಉಳಿದಿತ್ತು. ಮೊದಲ ಕೊಯ್ತ ನೇರ ಮಾಂಸಕ್ಕೆ ಇಳಿಯಿತು. ಎರಡನೆಯದರಲ್ಲಿ ತೆಳು ಪದರ ಚರ್ಮಕ್ಕಂಟಿ ಮೇಲೆದ್ದಿತು, ಯಮನಪ್ಪನ ಕೈಯಲ್ಲಿ ಆದ ಹಾಗೆಯೇ. ಫಾರ್ಮಲಿನ್ ಕಣ್ಣಿಗೆ ಹೊಡೆದು ನೀರು ಸುರಿಯತೊಡಗಿತು. ಅವರು ಚೂರಿ ಕೆಳಗಿಟ್ಟು ಕಿಡಕಿಯ ಹತ್ತಿರ ಹೋಗಿ ನಿಂತು ಯೋಚಿಸಿದರು.

ಸುಲಿಯುವವನಿಗೆ ಬೇಕಾದದ್ದು ಚರ್ಮ. ಅದಕ್ಕೆ ತೂತು ಬೀಳದಿರಲೆಂದು ಅವನು ಚೂರಿಯ ಬಾಯಿಯನ್ನು ಮಾಂಸದ ಕಡೆ ಇಡುತ್ತಾನೆ. ಇಲ್ಲಿ ಬೇಕಾದದ್ದು ಚರ್ಮದ ಕೆಳಗಿರುವುದು. ಹಾಗಾದರೆ ಚೂರಿಯ ಬಾಯಿ ಚರ್ಮದ ಕಡೆ ಇರಬೇಕು. ಮರಳಿ ಬಂದು ಎಡಗೈಯಿಂದ ಚರ್ಮ ಬಿಗಿಯಾಗಿ ಎಳೆದು ಹಿಡಿದು, ಚೂರಿಯ ಬಾಯಿ ಅದರತ್ತ ತಿರುಗಿಸಿ, ಸಣ್ಣಸಣ್ಣಗೆ ಗೀರಿದರು. ಈ ಸಲ ಹಾಳೆಯಂಥ ಪದರ ಕೆಳಗೇ ಉಳಿಯಿತು. ಅಂಗೈಯಗಲ, ಆಮೇಲೆ ಪಂಚೆಯ ಮಡಿಕೆಯಷ್ಟು. ಅಲ್ಲಿಗೆ ಅವರಿಗೆ ಇನ್ನೊಂದು ವಿಷಯ ಹೊಳೆಯಿತು: ಯಮನಪ್ಪನಿಗೆ ಕೇರಿಯ ಕಸಬು ಬರುತ್ತಿದ್ದರೂ ಈ ಎಮ್ಮೆ ಕೆಡುತ್ತಿತ್ತು. ತಾವು ಬಯಸಿದ ಕೆಲಸವನ್ನು ಕೇರಿಯಲ್ಲಿ ಯಾರೂ ಮಾಡುತ್ತಲೇ ಇರಲಿಲ್ಲ.

ಮನೆಗೆ ಹೋದಾಗ ತಾಯಿ ಕಾಶೀಬಾಯಿ ಹಿತ್ತಲಲ್ಲಿ ನೀರು ಕಾಯಿಸಿಟ್ಟಿದ್ದರು. ಮಗ ಶಾಲೆಯಿಂದ ಬಂದು ಸ್ನಾನ ಮಾಡಿಯೇ ಒಳಗೆ ಬರುವುದು ಆ ಮನೆಯ ರೂಢಿ.

"ಇವತ್ತ ವಾಸನಿ ಭಾಳ ಬರ್ಲಿಕ್ಕತ್ತದಲ್ಲೋ."

"ನಾನ ಕೊಯ್ದೆ ಅವ್ವಾ."

"ನೀನು? ಯಾಕ, ಕೊಯ್ಯೋವ್ರು ಇಲ್ಲೇನು?"

"ಯಾರು ಕೊಯ್ಯಬೇಕು ಅಂತೀ?"

"ಅದನ್ನ ನನ್ನ ಬಾಯಿಂದ ಯಾಕ ಹೇಳಸ್ತೀ? ನಿನಗ ಗೊತ್ತಿಲ್ಲೇನು?" ಕಾಶೀಬಾಯಿ ತಂಬಿಗೆ ಕೆಳಗಿಟ್ಟರು. "ನಾಳೆ ಶನಿವಾರ. ಹನುಮಪ್ಪನ ಪೂಜಾ ನಿನ್ನ ಕೈಲೆ ಬ್ಯಾಡ. ನಾ ಆಚಾರ್ರನ್ನ ಕರಸ್ತೀನಿ."

ಮಾಸ್ತರರು ಆಗಲಿ ಎಂದರು. ಮಂಗಳವಾರ ತಾವು ಯಮನಪ್ಪನನ್ನು ಕರೆದದ್ದೂ ಇದೇ ಲೆಕ್ಕದಲ್ಲಿ.

ಶನಿವಾರ ಹುಚ್ಚಪ್ಪ ಹುಬ್ಬಳ್ಳಿಯಿಂದ ಮುಂಜಾನೆಯ ಗಾಡಿಗೆ ಬಂದರು. ಗಟ್ಟಿಮುಟ್ಟಾದ ಮೈ, ವರ್ಕ್‌ಶಾಪಿನ ಖಾಕಿ ಕೋಟು, ಕಬ್ಬಿಣ ಹೊತ್ತು ಒರಟಾದ ಕೈ. ಪ್ರಿನ್ಸಿಪಾಲರ ಕೋಣೆಯಲ್ಲಿ ಖಾಲಿ ಇದ್ದ ಕುರ್ಚಿಯಲ್ಲಿ, ಯಾರೂ ಹೇಳುವ ಮೊದಲೇ ಕುಳಿತರು. ಯಮನಪ್ಪ ಗೋಡೆಯ ಹತ್ತಿರ ನಿಂತಿದ್ದ, ಮಾಸ್ತರರು ಕಿಡಕಿಯ ಹತ್ತಿರ.

"ನಿಮ್ಮ ಮನಿತನದ ಕಸಬು ಯಾವುದು?" ಎಂದು ಕೇಳಿದರು ಬಾಳಕೃಷ್ಣರಾಯರು.

"ರೇಲ್ವೆ ವರ್ಕ್‌ಶಾಪಿನ್ಯಾಗ ಖಲಾಸಿ ಅದೇನ್ರಿ."

"ಅದಲ್ಲ. ಮೊದಲಿಂದು."

"ಮೊದಲಿಂದು ಬಿಟ್ಟೇವ್ರಿ."

"ಬಿಟ್ಟೀರಿ, ಗೊತ್ತದ. ಆದ್ರ ಮಗಗ ಕಲಿಸಿರಬೇಕಲ್ಲ?"

"ಸಾಹೇಬ್ರ, ಇಲ್ಲಿ ಏನ್ ಆಗೇತಿ ಅದನ್ನ ಮೊದಲ ಹೇಳ್ರಿ. ನನ್ನ ಮಗ ಯಾವದರ ದನಕ್ಕ ತಪ್ಪು ಸೂಜಿ ಹಾಕ್ಯಾನೇನು?"

ರಾಯರು ನಡೆದದ್ದನ್ನು ಹೇಳಿದರು. ಎಮ್ಮೆ, ಚೂರಿ, ಕೆಟ್ಟ ಎಡಮಗ್ಗಲು, ಬೇಕೆಂದು ಮಾಡಿದ್ದಾನೆ ಎಂಬ ದೂರು. ಹುಚ್ಚಪ್ಪ ಕೊನೆಯವರೆಗೆ ಕೇಳಿ ಮಗನ ಕಡೆ ತಿರುಗಿದರು.

"ಚೂರಿ ಹಿಡದಿ?"

"ಹೂಂ."

"ಎಷ್ಟ ಮಂದಿ ಹಿಡದಿದ್ರಿ?"

ಯಮನಪ್ಪ ನೆಲ ನೋಡಿದ. "ನಾ ಒಬ್ಬನ."

"ಉಳದಾವ್ರು?"

"ನಿಂತಿದ್ರು."

ಹುಚ್ಚಪ್ಪ ರಾಯರ ಕಡೆ ತಿರುಗಿ ಹೇಳಿದರು: "ಇವಗ ಸುಲಿಯಾಕ ಬರೂದಿಲ್ರಿ. ನನಗ ಬರ್ತೈತಿ. ನಮ್ಮಪ್ಪ ಕಲಿಸಿದ್ದ. ಇವಗ ಕಲಿಸಬಾರದಂತನ ನಾ ದಿನಾ ಸೈಕಲ್ ತುಳದು ಹುಬ್ಬಳ್ಳಿಗೆ ಹೋಗಿ ಕಬ್ಬಿಣ ಹೊರತೇನಿ. ನನ್ನ ಮಗಗ ಅದು ಬರೂದಿಲ್ಲ ಅನ್ನೂದ ನನಗ ದೊಡ್ಡಸ್ತಿಕಿ."

"ಇದಕ್ಕ ಸಾಕ್ಷಿ ಏನು?"

"ಸಾಕ್ಷಿ ನಾ ಅದೀನಿ," ಎಂದರು ಯಜ್ಞೇಶ್ವರ ಮಾಸ್ತರರು. "ನಿನ್ನೆ ನಾನೂ ಕೊಯ್ದು ನೋಡೀನಿ ಸರ್. ಮೊದಲ ಎರಡು ಸಲ ನಂದೂ ಹಿಂಗ ಕೆಟ್ಟದ. ಬೇಕಾದ್ರ ಬಂದು ನೋಡ್ರಿ, ಚಪ್ಪಿ ಮ್ಯಾಲದ. ಬೇಕಂತ ಕೆಡಿಸಿದ ಕೈಯಲ್ಲ ಅದು, ಕಲಿಯದ ಕೈ. ಇವಗ ಚೂರಿ ಕೊಟ್ಟವ ನಾನು. ಹೆಂಗ ಕೊಯ್ಯಬೇಕಂತ ಹೇಳಿದ್ದಿಲ್ಲ."

"ಯಾಕ ಹೇಳಲಿಲ್ಲ?"

"ಇವಗ ಗೊತ್ತಿರ್ತದ ಅಂತ ತಿಳಕೊಂಡೆ."

"ಹೆಂಗ ಗೊತ್ತಿರ್ತೈತ್ರಿ ಮಾಸ್ತರ?" ಎಂದರು ಹುಚ್ಚಪ್ಪ. "ರಕ್ತದಾಗ ಬರ್ತೈತೇನು? ನೀವ ದನದ ಮೈಯಾಗ ಏನೇನೈತಂತ ಕಲಿಸಾವ್ರು. ನೀವ ಹೇಳ್ರಿ."

ರಾಯರು ಮುಂದಿದ್ದ ಕಾಗದ ಮಡಿಚಿಟ್ಟರು. ದೂರು ಕೈಬಿಟ್ಟಿದ್ದೇನೆ, ಹುಡುಗನ ಹೆಸರು ಹಾಗೇ ಇರುತ್ತದೆ ಎಂದರು. ಹುಚ್ಚಪ್ಪ ಎದ್ದು ನಿಂತರು.

"ಆತಲ್ರಿ. ನಡಿಯೋ, ಟ್ರಂಕ್ ಕಟ್ಟು."

"ಯಪ್ಪಾ, ನಾ ಬರೂದಿಲ್ಲ," ಎಂದ ಯಮನಪ್ಪ.

"ಬರೂದಿಲ್ಲ?"

"ಪರೀಕ್ಷಾ ಕೊಡತೇನಿ. ಕೊಯ್ಯದ ಇದು ಬರೂದಿಲ್ಲ. ದನದ ಹೊಟ್ಟ್ಯಾಗ ಏನೈತಂತ ಗೊತ್ತಿಲ್ಲದ ಸೂಜಿ ಎಲ್ಲಿ ಹಾಕ್ಲಿ?"

"ಹಂಗಾರ ಎಲ್ಲಾರೂ ಕೊಯ್ಯಬೇಕಿತ್ತಲ್ಲ. ನೀ ಒಬ್ಬನ ಯಾಕ ಕೊಯ್ದಿ?"

ಮಾಸ್ತರರು ನಡುವೆ ಬಂದರು. ಎಮ್ಮೆಯ ಎಡಮಗ್ಗಲು ಕೆಟ್ಟಿದೆ, ಬಲಮಗ್ಗಲು ಹಾಗೇ ಇದೆ. ಸೋಮವಾರ ಅದನ್ನು ಮಗುಚಿ, ಚರ್ಮದ ಮೇಲೆ ಬಳಪದಿಂದ ಪಾಲು ಹಾಕಿ, ಹಾಜರಿಯ ಕ್ರಮದಲ್ಲಿ ಒಬ್ಬೊಬ್ಬನಿಗೆ ಒಂದೊಂದು ಪಾಲು ಕೊಡುತ್ತೇನೆ, ಮೊದಲ ಪಾಲು ನನ್ನದು ಎಂದರು.

"ಅದು ಆಗೂದಿಲ್ಲ," ಎಂದರು ರಾಯರು. "ಅಹಮದಸಾಬ ಇಲ್ಲಂತ ತಿಳದು ಮೂರು ಹುಡುಗರ ಮನಿಯವ್ರು ವರ್ಷದ ಸುರುವಿಗೇ ಬಂದು ಹೇಳಿ ಹೋಗ್ಯಾರ. ಅವರ ಆಚಾರಕ್ಕ ಕೊಯ್ಯೋದು ನಡಿಯೂದಿಲ್ಲ. ಚಿತ್ರಾ ಬರದ್ರ ಸಾಕು ಅಂತ ನಾ ಮಾಫಿ ಕೊಟ್ಟೀನಿ."

"ಹಂಗಾರ ನನ್ನ ಮಗಗೂ ಮಾಫಿ ಕೊಡ್ರಿ," ಎಂದರು ಹುಚ್ಚಪ್ಪ. "ನಮ್ಮದೂ ಧರ್ಮ ಐತಿ. ನಮ್ಮ ಆಚಾರಕ್ಕೂ ನಡಿಯೂದಿಲ್ಲ."

ರಾಯರಿಗೆ ಇದು ಅನಿರೀಕ್ಷಿತವಾಗಿತ್ತು. "ಅಲ್ರೀ, ಹಿಂಗ ಎಲ್ಲಾರೂ ಮಾಫಿ ತಗೊಂಡ್ರ ಎಮ್ಮಿ ಯಾರು ಕೊಯ್ಯೋದು?"

"ನಾವು ಬಿಟ್ಟಾಗ ಊರ ಮಂದೀನೂ ಇದನ್ನ ಕೇಳಿದ್ರಿ ಸಾಹೇಬ್ರ," ಎಂದರು ಹುಚ್ಚಪ್ಪ.

ಹೊರಗೆ ಹುಡುಗರು ತರಗತಿ ಬದಲಿಸುವ ಸದ್ದು ಕೇಳಿ ನಿಂತಿತು. ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೊನೆಗೆ, ಕೊಟ್ಟ ಮಾಫಿಯನ್ನು ತಾವು ಹಿಂದಕ್ಕೆ ಪಡೆಯುವುದಿಲ್ಲ, ಆದರೆ ಹಾಲಿನೊಳಗೆ ಪಾಠ ಹೇಗೆ ನಡೆಯಬೇಕು ಎಂಬುದು ಮಾಸ್ತರರಿಗೆ ಬಿಟ್ಟದ್ದು, ಮೇಲಿನಿಂದ ಪ್ರಶ್ನೆ ಬಂದರೆ ಉತ್ತರವೂ ಅವರದೇ ಎಂದರು.

ಹುಚ್ಚಪ್ಪ ಬಾಗಿಲಿಗೆ ಹೋಗಿ ತಿರುಗಿ ನಿಂತರು. "ಸೋಮವಾರ ನಾ ರಜಾ ಹಾಕಿ ಬರ್ತೇನ್ರಿ ಮಾಸ್ತರ. ನಿಂತು ನೋಡ್ತೇನಿ. ಇವನ ಪಾಲು ಇಂವ ಕೊಯ್ಲಿ. ಇನ್ನೊಬ್ಬನ ಪಾಲು ಇವನ ಮುಂದ ಬಂತಂದ್ರ ಅಲ್ಲಿಂದನ ಕರಕೊಂಡು ಹೊಕ್ಕೇನಿ."

"ಆಗ್ಲಿ," ಎಂದರು ಮಾಸ್ತರರು.

ಸೋಮವಾರ ಮುಂಜಾನೆ ಹುಡುಗರೇ ಸರಪಳಿ ರಾಟೆ ಎಳೆದು ಎಮ್ಮೆಯನ್ನು ಮಗುಚಿದರು. ಒದ್ದೆಯಾದ ಕಪ್ಪು ಚರ್ಮದ ಮೇಲೆ ಮಾಸ್ತರರು ಬಳಪದಿಂದ ಚೌಕಗಳನ್ನು ಎಳೆದರು. ಹುಚ್ಚಪ್ಪ ಹಾಲಿನ ಒಳಗೆ ಬರಲಿಲ್ಲ. ಕಿಡಕಿಯಾಚೆ, ಸರಳು ಹಿಡಿದುಕೊಂಡು ನಿಂತರು. ಮಾಫಿ ಪಡೆದ ಮೂವರು ಬಂದಿರಲಿಲ್ಲ.

"ಚೂರಿ ಹಿಂಗ ಹಿಡೀರಿ. ಬಾಯಿ ಚರ್ಮದ ಕಡೆ, ಬೆನ್ನು ಮಾಂಸದ ಕಡೆ. ಎಡಗೈ ಬಿಗಿ ಇರ್ಲಿ. ಕೈ ಸಡಲ ಬಿಟ್ರ ಕೆಳಗಿನ ಪದರು ಮ್ಯಾಲ ಏಳ್ತದ, ಹೋತು," ಎಂದು ಮಾಸ್ತರರು ಕತ್ತಿನ ಪಾಲನ್ನು ಬಿಡಿಸಿ ತೋರಿಸಿದರು. ಬಿದಿರ ಕಡ್ಡಿ ಆ ದಿನ ಮೂಲೆಯಲ್ಲಿತ್ತು. ಪದರ ಉಳಿಯಿತು.

ಒಬ್ಬೊಬ್ಬರೇ ಬಂದರು. ಶಿವಪುತ್ರನ ಸರದಿ ಬಂದಾಗ ಅವನು ಮೂಗಿಗೆ ರುಮಾಲು ಕಟ್ಟಿಕೊಂಡು ನಿಂತ.

"ಸರ, ನಮ್ಮವ್ವಗ ತಿಳದ್ರ ನನ್ನ ಕೊಟ್ಟಿಗ್ಯಾಗ ಮಲಗಸ್ತಾಳ್ರಿ."

"ಮಲಕೋ. ದನದ ಡಾಕ್ಟರ ಆಗಾವ ದನದ ಜೋಡಿ ಮಲಗಿದ್ರ ತಪ್ಪೇನು? ಮೊದಲ ಚರ್ಮಾ ಎಳಿ."

ಹುಡುಗರು ನಕ್ಕರು. ಶಿವಪುತ್ರ ಎಳೆದ, ಗೀರಿದ. ಒಂದು ಕಡೆ ಚೂರಿ ಒಳಗಿಳಿದು ಪದರ ಹರಿಯಿತು. ಅವನು ಪಕ್ಕದಲ್ಲಿ ನಿಂತಿದ್ದ ಯಮನಪ್ಪನ ಕಡೆ ನೋಡಿದ. ಯಮನಪ್ಪ ನಗಲಿಲ್ಲ.

ಯಮನಪ್ಪನ ಪಾಲು ಹೆಗಲಿನ ಹಿಂದೆ, ಪಕ್ಕೆಯ ಮೇಲೆ ಇತ್ತು. ಚೂರಿ ತೆಗೆದುಕೊಳ್ಳುವ ಮುನ್ನ ಒಮ್ಮೆ ಕಿಡಕಿಯತ್ತ ನೋಡಿ ಕೆಲಸ ಶುರುಮಾಡಿದ. ಆ ಮಂಗಳವಾರದ ಗಡಿಬಿಡಿ ಇರಲಿಲ್ಲ. ಹೇಳಿದ ಹಾಗೆ ಎಳೆದ, ಹೇಳಿದ ಹಾಗೆ ಗೀರಿದ. ಬಳಪದ ಗೆರೆಯಿಂದ ಗೆರೆಗೆ ಚರ್ಮ ಬಂದಿತು, ಕೆಳಗೆ ಪದರ ನಯವಾಗಿ, ಇಡಿಯಾಗಿ ಉಳಿಯಿತು. ಆ ದಿನ ಎಲ್ಲರಿಗಿಂತ ಚೊಕ್ಕವಾಗಿ ಬಂದದ್ದು ಅವನದೇ.

ಮಧ್ಯಾಹ್ನದ ಹೊತ್ತಿಗೆ ಮೂರು ಚೌಕಗಳು ಮಾತ್ರ ಉಳಿದವು, ಬರದ ಮೂವರವು. ಒಂದು ಹೆಗಲಿನ ನಟ್ಟನಡುವೆ ಇತ್ತು. ಅದು ಬಿಚ್ಚದೆ ಕೆಳಗಿನ ದೊಡ್ಡ ಸ್ನಾಯು ಪೂರ್ತಿ ಕಾಣುವಂತಿರಲಿಲ್ಲ.

"ಸರ, ಇವನ್ನ ಯಮನಪ್ಪ ಮುಗಿಸಿಬಿಡಲಿ," ಎಂದ ಶಿವಪುತ್ರ. ಕುಹಕದಿಂದ ಹೇಳಿದ್ದಲ್ಲ. "ಅವಗ ಈಗ ಕೈ ಕುಂತೈತ್ರಿ. ನಾವು ಹಚ್ಚಿದ್ರ ಕೆಡಸ್ತೇವಿ."

ಹುಡುಗರು ಹೌದೆಂದರು. ಮಾತು ಸರಿಯಾಗಿಯೇ ಇತ್ತು, ಮಾಸ್ತರರಿಗೂ ಹಾಗೇ ಅನ್ನಿಸಿತು. ಹೆಗಲಿನ ಪಾಠ ಅಂದೇ ಶುರುವಾಗಬೇಕು. ಯಮನಪ್ಪನ ಕೈಗೆ ಕೊಟ್ಟರೆ ಅರ್ಧ ತಾಸಿನ ಕೆಲಸ. ಅವರು ಅವನ ಕಡೆ ತಿರುಗಿದರು. ಯಮನಪ್ಪ ಚೂರಿ ಕೆಳಗಿಟ್ಟಿರಲಿಲ್ಲ. ಕಿಡಕಿಯಲ್ಲಿ ಹುಚ್ಚಪ್ಪ ಸರಳಿನಿಂದ ಕೈ ತೆಗೆದಿದ್ದರು.

"ಬ್ಯಾಡ," ಎಂದರು ಮಾಸ್ತರರು. "ಅವರ ಪಾಲು ಅವರು ಬಂದು ಕೊಯ್ತಾರ."

"ಬರದಿದ್ರ ಏನ್ ಮಾಡೂದ್ರಿ?" ಎಂದ ಶಿವಪುತ್ರ.

"ಬರದಿದ್ರ ಹಂಗ ಇರ್ಲಿ. ಅರ್ಧಾ ಕಂಡದ್ದನ್ನ ಅರ್ಧಾ ಬರಕೊಳ್ಳಿ. ಪರೀಕ್ಷಾಕ್ಕ ಬಂದವ್ರು ಕೇಳಿದ್ರ ನಾ ಹೇಳ್ತೀನಿ. ಯಮನಪ್ಪಾ, ಚೂರಿ ಇಡು. ಕೈ ತೊಳಕೋ."

ಹೊರಗೆ ನಳದ ಹತ್ತಿರ ಯಮನಪ್ಪ ಸೋಡಾ ಪುಡಿ ಹಚ್ಚಿ ಮೊಣಕೈಯವರೆಗೆ ತಿಕ್ಕಿದ. ಫಾರ್ಮಲಿನ್ ವಾಸನೆ ಹೋಗುತ್ತಿರಲಿಲ್ಲ. ಹುಚ್ಚಪ್ಪ ಬಂದು ಪಕ್ಕದಲ್ಲಿ ನಿಂತರು.

"ನಿನ್ನ ಪಾಲಷ್ಟ ಕೊಯ್ದಿ."

"ಹೂಂ."

"ಮಾಸ್ತರ ಮಾತು ಉಳಿಸಿಕೊಂಡ." ಅವರು ಮಗನ ಕೈಗಳನ್ನು ನೋಡಿದರು. "ಈಗ ನಿನಗ ಬರ್ತೈತಿ."

ಯಮನಪ್ಪ ನಳ ಬಂದ್ ಮಾಡಿದ. "ಬರ್ತೈತಿ."

"ನಾ ಇಷ್ಟ ವರ್ಷ ಏನ ಕಲಿಸಬಾರದಂದೆ, ಅದನ್ನ ಅವರು ಒಂದ ಮುಂಜಾನ್ಯಾಗ ಕಲಿಸಿದ್ರು. ನಾ ನಿಂತು ನೋಡಿದೆ."

"ಇದು ಬ್ಯಾರೇದು ಯಪ್ಪಾ. ಇದರಾಗ ಚೂರಿ ತಿರವ್ಯಾಡಿ ಹಿಡೀತಾರ. ಚರ್ಮಕ್ಕಲ್ಲ, ಒಳಗ..."

"ನನಗ ಕಂಡೈತಿ. ಕೇರಿಗೆ ಕಾಣಬೇಕಲ್ಲ." ಹುಚ್ಚಪ್ಪ ಕೋಟಿನ ಗುಂಡಿ ಹಾಕಿಕೊಂಡರು. "ಊರಿಗೆ ಬಂದ್ರ ಕೇಳತಾರ, ಸಾಲ್ಯಾಗ ಏನ್ ಕಲಿಸ್ತಾರಂತ. ಸೂಜಿ ಹಾಕಾಕ ಕಲಿಸ್ತಾರಂತ ಹೇಳು. ಅಷ್ಟ ಸಾಕು."

ಯಮನಪ್ಪ ತಂದೆಯ ಕಡೆ ತಿರುಗಿದ.

"ಕೇಳಿದ್ರ ಖರೇನ ಹೇಳತೇನಿ," ಎಂದ. "ಸುಳ್ಳ ಹೇಳಿದ್ರ ನಾ ಹೊಲಸ ಕೆಲಸಾ ಮಾಡೇನಂತ ಒಪ್ಪಿಕೊಂಡಂಗ ಆಗ್ತೈತಿ."

"ಹೇಳಿದ್ರ ಹೊರಗ ಹಾಕ್ತಾರ. ಠರಾವ್ ಮಾಡಿಸಿದಾವ ನಾ. ನನ್ನ ಮಗ ಅಂತ ಬಿಡ್ರಿ ಅನ್ನಾಕ ನನಗ ಬಾಯಿಲ್ಲ."

"ಗೊತ್ತೈತಿ."

ಹಾಲಿನೊಳಗಿಂದ ಹುಡುಗರು ಒಟ್ಟಾಗಿ ಸ್ನಾಯುಗಳ ಹೆಸರು ಹೇಳುವುದು ಕೇಳಿಸುತ್ತಿತ್ತು. ಹೆಗಲಿನ ಅರ್ಧಕ್ಕೆ ಬಂದು ನಿಂತರು.

"ಹಂಗಾರ ಪರೀಕ್ಷಾ ಮುಗಿಯೂತನಕ ಊರಿಗೆ ಬರಬ್ಯಾಡ," ಎಂದರು ಹುಚ್ಚಪ್ಪ. ಸಿಟ್ಟಿನ ದನಿಯಾಗಿರಲಿಲ್ಲ.

"ಮಾರ್ಚ್ ತನಕ?"

"ಮಾರ್ಚ್ ತನಕ. ಯಾರೂ ಕೇಳೂದಿಲ್ಲ, ನೀನೂ ಹೇಳೂದಿಲ್ಲ."

"ಅವ್ವಗ ಏನ್ ಹೇಳ್ತಿ?"

"ನಿಮ್ಮವ್ವಗ ನಾ ಹೇಳ್ತೇನಿ. ನೋಡಬೇಕಂದ್ರ ಇಲ್ಲಿಗೆ ಕರಕೊಂಡು ಬರ್ತೇನಿ."

ಅವರು ಸ್ಟೇಷನ್ನಿನ ದಾರಿ ಹಿಡಿದರು. ಯಮನಪ್ಪ ಅವರು ಗೇಟು ದಾಟುವವರೆಗೆ ನಿಂತಿದ್ದು, ಒದ್ದೆ ಕೈಗಳನ್ನು ಪಾಯಜಾಮಕ್ಕೆ ಒರೆಸಿಕೊಂಡು, ಚಿತ್ರ ಬರೆಯಲು ಒಳಗೆ ಹೋದ.